ಜಿನಮತಕ್ಕನ ಸೀಸೆ

ಜಿನಮತಕ್ಕನ ಹೆಸರನ್ನು ನಾನು ಮೊದಲು ಕೇಳಿದ್ದು ತೀರ್ಥಹಳ್ಳಿಗೆ ಬಂದ ಮೂರನೇ ದಿನ. ಅರವತ್ತೊಂದನೇ ಇಸವಿ, ದೀಪಾವಳಿಗೆ ಇನ್ನು ಹದಿನೈದು ದಿನವಿತ್ತು. ನಮ್ಮನೆಯವರು ಖಾಸಗಿ ಬಸ್ಸಿನ ಕಂಪನಿಯಲ್ಲಿ ಏಜೆಂಟರು. ಟಿಕೆಟ್ ಹರಿಯುವುದು, ಪಾರ್ಸೆಲ್ ಹತ್ತಿಸುವುದು ಇಳಿಸುವುದು ಅವರ ಕೆಲಸ. ಸಾಗರದಿಂದ ಅವರಿಗೆ ಇಲ್ಲಿಗೆ ವರ್ಗವಾಗಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಸಾಮಾನು ಬಿಚ್ಚುವಾಗ ನೋಡಿದರೆ ನನಗಿದ್ದ ಎರಡು ರವಿಕೆಯಲ್ಲಿ ಒಂದು ತೋಳಿನ ಹತ್ತಿರ ಪೂರ್ತಿ ಹರಿದಿತ್ತು. ಪಕ್ಕದ ಮನೆಯ ದುರ್ಗಮ್ಮನನ್ನು ಇಲ್ಲಿ ದರ್ಜಿ ಯಾರು ಎಂದು ಕೇಳಿದೆ.

"ದರ್ಜಿ ಹತ್ರ ಎಂತಕ್ಕೆ ಹೋಗ್ತೀಯ ಮಾರಾಯ್ತಿ? ಮೇಳಿಗೆಯ ಜಿನಮತಕ್ಕ ಇದಾಳೆ. ಟೇಪೇ ಹಿಡಿಯಲ್ಲ. ಒಂದ್ಸಲ ಮೇಲಿಂದ ಕೆಳಗೆ ನೋಡ್ತಾಳೆ, ಅಷ್ಟೇ. ನಿನ್ನ ಗಂಡನಿಗೂ ಗೊತ್ತಿಲ್ಲದ ಅಳತೆ ಅವಳಿಗೆ ಗೊತ್ತಾಗ್ತದೆ."

ಮಾರನೇ ದಿನ ಹೋದೆ. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಹಳೇ ಸೀರೆಯ ಪರದೆ. ಕಿಟಕಿಯ ಕೆಳಗೆ ಹೊಲಿಗೆ ಮಷಿನ್ ಇಟ್ಟುಕೊಂಡು ತೆಳ್ಳಗಿನ ಹೆಂಗಸು ಕೂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ನನ್ನನ್ನು ನೋಡಿದರು, ಬಟ್ಟೆ ಈಸಿಕೊಂಡರು, ಎರಡು ಇಂಚು ಒಳಗೆ ಬಿಟ್ಟು ಹೊಲಿಯುತ್ತೇನೆ, ಸಂಕ್ರಾಂತಿ ಹೊತ್ತಿಗೆ ಬಿಚ್ಚಿಕೊಳ್ಳಬೇಕಾಗುತ್ತದೆ ಎಂದರು. ನನಗೆ ದಿನ ತಪ್ಪಿ ಇಪ್ಪತ್ತು ದಿನವಾಗಿತ್ತು. ಗಂಡನಿಗೂ ಹೇಳಿರಲಿಲ್ಲ. ನಾಚಿಕೆಯಿಂದ ನೆಲ ನೋಡಿದೆ. ಸಂಕ್ರಾಂತಿಗೆ ಅವರು ಹೇಳಿದ ಹಾಗೇ ಹೊಲಿಗೆ ಬಿಚ್ಚಿಕೊಂಡೆ.

ಅವರ ಗಂಡ ಶಾಂತಿಕುಮಾರರು ಹೊಸನಗರದಲ್ಲಿ ಮೇಷ್ಟ್ರಾಗಿದ್ದವರು, ವಿಷಮಜ್ವರ ಬಂದು ತೀರಿಕೊಂಡಿದ್ದರು. ತವರು ಮೇಳಿಗೆ. ಅಲ್ಲಿ ಅಣ್ಣ ಪದ್ಮಪ್ರಸಾದರ ಮನೆಯಲ್ಲಿ ಒಂದು ವರ್ಷ ಇದ್ದು, ಅತ್ತಿಗೆಯ ಮುಖ ಸಣ್ಣದಾಗುವುದಕ್ಕೆ ಮೊದಲೇ ಮಷಿನ್ ಎತ್ತಿಸಿಕೊಂಡು, ಮಗಳು ಧರ್ಮಾವತಿಯ ಕೈ ಹಿಡಿದುಕೊಂಡು ಪೇಟೆಗೆ ಬಂದಿದ್ದರು. ಗಂಡಸರ ಕೈಯಲ್ಲಿ ಅಳತೆ ಕೊಡಲು ಮುಜುಗರಪಡುವ ಹೆಂಗಸರೆಲ್ಲ ಅವರ ಹತ್ತಿರವೇ ಬರುತ್ತಿದ್ದರು.

ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಜಿನಮತಕ್ಕ ಅದರಲ್ಲಿ ಬಹಳ ಬಿಗಿ. ಸಂಜೆ ಐದಕ್ಕೆ ಮಷಿನ್ ನಿಲ್ಲುತ್ತಿತ್ತು, ಅರ್ಧ ಹೊಲಿದ ತೋಳು ಸೂಜಿಯಲ್ಲೇ ಇರುತ್ತಿತ್ತು. ಎದ್ದು ಉಣ್ಣುತ್ತಿದ್ದರು, ಹೊತ್ತು ಮುಳುಗಿದ ಮೇಲೆ ನೀರು ಕೂಡ ಇಲ್ಲ. ಒಮ್ಮೆ ದುರ್ಗಮ್ಮ, ಹೊತ್ತು ಮುಳುಗ್ತಿದ್ದ ಹಾಗೆ ಹೊಟ್ಟೆಗೂ ಬಾಗಿಲು ಹಾಕ್ತೀರಲ್ಲ ಜಿನಮತಕ್ಕ ಎಂದಳು. ಅವರು ತಲೆ ಎತ್ತದೆ, "ನಿನ್ನ ಬಾಯಿಗೂ ಒಂದು ಹೊಲಿದು ಕೊಡ್ಲಾ? ಗುಂಡಿ ಇಟ್ಟು?" ಎಂದರು. ದುರ್ಗಮ್ಮನೇ ಎಲ್ಲರಿಗಿಂತ ಹೆಚ್ಚು ನಕ್ಕಳು.

ಅರವತ್ನಾಲ್ಕನೇ ಇಸವಿ, ಮಳೆ ಹಿಡಿದು ಒಂದು ವಾರವಾಗಿತ್ತು. ನಾನು ಮಗುವನ್ನು ಎತ್ತಿಕೊಂಡು ಹೋಗಿದ್ದೆ. ಜಿನಮತಕ್ಕ ಕತ್ತರಿ ತೆಗೆಯಲು ಕೈ ಚಾಚಿದಾಗ ಅವರ ರವಿಕೆಯ ಎಡಗಡೆ ಕಂಕುಳ ಕೆಳಗೆ ಹೊಲಿಗೆ ಬಿಚ್ಚಿ, ಬೇರೆ ತುಂಡು ಸೇರಿಸಿ ಸಡಿಲ ಮಾಡಿದ್ದು ಕಂಡಿತು. ಬಲಗಡೆ ಹಾಗಿರಲಿಲ್ಲ. ಊರಿಗೆಲ್ಲ ಹೊಲಿಯುವವರು ತಮ್ಮ ರವಿಕೆಯನ್ನು ಹೀಗೆ ವಾರೆಯಾಗಿ ಹಾಕಿಕೊಳ್ಳುತ್ತಾರೆಯೇ ಎನಿಸಿ ಕೇಳಿಬಿಟ್ಟೆ. ಅವರು ಎದ್ದು ನನ್ನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, ನನ್ನ ಕೈ ಹಿಡಿದು ಅಲ್ಲಿಟ್ಟುಕೊಂಡರು. ಚರ್ಮದ ಕೆಳಗೆ ಸುಲಿದ ಅಡಿಕೆಯಷ್ಟು ದೊಡ್ಡ ಗಂಟು. ಒತ್ತಿದರೆ ಜರುಗುತ್ತಿರಲಿಲ್ಲ.

ನೋವಿದೆಯಾ ಎಂದೆ. ಇಲ್ಲವಂತೆ. ಎಷ್ಟು ದಿನವಾಯಿತು ಎಂದೆ. ದೀಪಾವಳಿಯಿಂದ ಇದೆಯಂತೆ.

"ಹಾಲಿನ ಗಂಟು ಅಂತ ಮಾಡಿದ್ದೆ ಶೇಷಮ್ಮ. ಆಮೇಲೆ ನಗು ಬಂತು. ಮಗಳಿಗೆ ಹದಿಮೂರು, ಇನ್ನು ಎಂತ ಹಾಲು?"

ಅವರನ್ನು ಡಾಕ್ಟರ ಹತ್ತಿರ ಹೊರಡಿಸಲು ನನಗೆ ನಾಲ್ಕು ದಿನ ಬೇಕಾಯಿತು. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ವಾರಕ್ಕೆ ಎರಡು ದಿನ ಹೊಸನಗರಕ್ಕೂ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಮುಟ್ಟಿ ನೋಡಿ, ಬಿಡಿಸಿ ಹೇಳಿದರು. ಇಂಥ ಗಂಟು ಎರಡು ತರಹ. ಒಂದು ಸುಮ್ಮನೆ ಇದ್ದುಬಿಡುತ್ತದೆ. ಇನ್ನೊಂದು ಕೆಟ್ಟದ್ದು, ಮೈಯೊಳಗೆ ಹರಡುತ್ತದೆ. ಅದಾದರೆ ಆ ಕಡೆಯ ಎದೆಯನ್ನೇ ತೆಗೆಯಬೇಕು, ಅದೂ ಬೇಗ. ಯಾವುದು ಎಂದು ಕೈಯಲ್ಲಿ ಮುಟ್ಟಿ ಹೇಳಲು ಬರುವುದಿಲ್ಲ. ಒಂದು ಚೂರು ಕೊಯ್ದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರೆ, ಅವರು ದೊಡ್ಡದಾಗಿ ಕಾಣಿಸುವ ಗಾಜಿನಲ್ಲಿ ನೋಡಿ ಬರೆದು ತಿಳಿಸುತ್ತಾರೆ.

ಕೊಯ್ದಿದ್ದು ಒಂದು ಗುರುವಾರ. ಮಧ್ಯಾಹ್ನವೇ ಹೋಗಿದ್ದೆವು, ಡಾಕ್ಟರು ಒಳಗೆ ಕರೆಯುವಾಗ ಐದು ದಾಟಿತ್ತು. ಧರ್ಮಾವತಿಯೂ ನಾನೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಮುಗಿಯುವ ಹೊತ್ತಿಗೆ ಮೋಡ ಕವಿದು, ಹೊತ್ತು ಮುಳುಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಜಿನಮತಕ್ಕ ಎದ್ದು ನಿಂತವರು ಹಾಗೇ ತಲೆಸುತ್ತಿ ಗೋಡೆಗೆ ಒರಗಿದರು. ಡಾಕ್ಟರ ಹೆಂಡತಿ ಒಳಗಿನಿಂದ ಬಿಸಿ ಹಾಲು ತಂದುಕೊಟ್ಟರು. ಜಿನಮತಕ್ಕ ಬಾಯಿ ಬಿಗಿದುಕೊಂಡು ತಲೆ ಆಡಿಸಿದರು. ಧರ್ಮಾವತಿ ಲೋಟವನ್ನು ತಾಯಿಯ ತುಟಿಗೆ ಹಿಡಿದು, "ಕುಡಿಯಮ್ಮ, ಇನ್ನೂ ಬೆಳಕಿದೆ, ಆಣೆ ಮಾಡ್ತೀನಿ" ಎಂದಳು. ಅರ್ಧ ಲೋಟ ಕುಡಿದರು. ನಾವು ಹೊರಗೆ ಬಂದಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗ್ಯಾಸ್ ಲೈಟ್ ಹಚ್ಚಿದ್ದರು. ಏಳು ಗಂಟೆಯ ಬಸ್ಸು ಆಗಲೇ ಹೋಗಿತ್ತು. ಜಿನಮತಕ್ಕ ಆ ದೀಪವನ್ನೇ ನೋಡುತ್ತಾ ನಿಂತರು.

ಚೂರನ್ನು ಒಂದು ಸಣ್ಣ ಸೀಸೆಯಲ್ಲಿ ಔಷಧಿ ನೀರು ತುಂಬಿ, ಬಿರಡೆ ಹಾಕಿ, ಬಟ್ಟೆ ಸುತ್ತಿ, ಡಾಕ್ಟರು ನಮ್ಮನೆಯವರ ಕೈಗೆ ಕೊಟ್ಟಿದ್ದರು. ಬೆಳಗಿನ ಆಗುಂಬೆ ಬಸ್ಸಿಗೆ ಅದನ್ನು ಹತ್ತಿಸಬೇಕು. ಆದರೆ ಬೆಳಗಾಗುವಷ್ಟರಲ್ಲಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದೆ ಎಂದು ಸುದ್ದಿ ಬಂತು. ನಮ್ಮನೆಯವರು ಓಡಿ ಹೋಗಿ ಡಾಕ್ಟರನ್ನು ಕೇಳಿದರು. ಆ ನೀರಿನಲ್ಲಿ ಇರುವತನಕ ಏನೂ ಆಗುವುದಿಲ್ಲ, ರಸ್ತೆ ಬಿಡುವತನಕ ನಿಮ್ಮ ಮನೆಯಲ್ಲೇ ಇಟ್ಟಿರಿ, ಬಿರಡೆ ಮಾತ್ರ ತೆಗೆಯಬೇಡಿ ಎಂದರಂತೆ. ನಡುಮನೆಯ ಗೋಡೆಗೂಡಿನಲ್ಲಿ ಇಟ್ಟೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ಜಿನಮತಕ್ಕನೇ ಅಲ್ಲಿ ಕೂತಿದ್ದಾರೆ ಎನ್ನಿಸಿ ಧ್ವನಿ ತಗ್ಗಿಸುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಸೀಸೆ ಅಡ್ಡಬಿದ್ದಿತ್ತು. ಬೆಕ್ಕು ಹಾಯ್ದಿತೋ, ನಾನೇ ಸರಿಯಾಗಿ ಇಟ್ಟಿರಲಿಲ್ಲವೋ. ಬಿರಡೆ ಸಡಿಲವಾಗಿ, ಸುತ್ತಿದ ಬಟ್ಟೆ ಪೂರ್ತಿ ನೆನೆದು, ಆ ವಾಸನೆಗೆ ಕಣ್ಣಲ್ಲಿ ನೀರು ಬಂತು. ಒಳಗೆ ನೀರೇ ಇರಲಿಲ್ಲ. ಚೂರು ಗಾಜಿಗೆ ಅಂಟಿಕೊಂಡಿತ್ತು.

ಡಾಕ್ಟರು ಹೊಸನಗರಕ್ಕೆ ಹೋದವರು ಮಳೆಗೆ ಅಲ್ಲೇ ಸಿಕ್ಕಿಕೊಂಡಿದ್ದರು. ನಮ್ಮನೆಯವರು ಸ್ಟ್ಯಾಂಡಿಗೆ ಹೋಗಿಯಾಗಿತ್ತು. ಕೊಟ್ಟ ಪಾರ್ಸೆಲ್ ಹಾಳು ಮಾಡಿದ ಏಜೆಂಟ ಎಂದು ಅವರ ಹೆಸರು ಕೆಡುತ್ತದೆ, ಕೆಲಸವೇ ಹೋಗಬಹುದು ಎಂದು ಹೆದರಿದೆ. ಆಗ ನನ್ನ ಬುದ್ಧಿಗೆ ಹೊಳೆದಿದ್ದು ಇದು. ಔಷಧಿ ನೀರು ಎಂದರೆ ಕೆಡದ ಹಾಗೆ ಇಡುವ ನೀರು. ಕೆಡದ ಹಾಗೆ ಇಡುವುದು ನನಗೆ ಗೊತ್ತಿಲ್ಲವೇ? ಸಾಗರದಲ್ಲಿ ನನ್ನ ತಾಯಿ ಮಾವಿನಮಿಡಿಯನ್ನು ಉಪ್ಪುನೀರಿನಲ್ಲಿ ಹಾಕಿ ಇಟ್ಟರೆ ಎರಡು ವರ್ಷ ಕಳೆದರೂ ಕಚ್ಚಿದಾಗ ಕಟುಮ್ಮೆನ್ನುತ್ತಿತ್ತು, ಮೆತ್ತಗಾದದ್ದೇ ಇಲ್ಲ. ನನ್ನ ಕೈಯ ಉಪ್ಪುನೀರೂ ಹಾಗೇ ಎಂದು ಓಣಿಯವರೆಲ್ಲ ಹೇಳುತ್ತಿದ್ದರು.

ಹೊಸ ಗಡಿಗೆಯಲ್ಲಿ ನೀರು ಕುದಿಸಿದೆ. ಕಲ್ಲುಪ್ಪು ಹಾಕಿ ಕರಗಿಸಿ, ಪೂರ್ತಿ ಆರಿಸಿ, ತೊಳೆದ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಸೀಸೆಯ ಕುತ್ತಿಗೆಯವರೆಗೆ ತುಂಬಿ, ಬಿರಡೆ ಒತ್ತಿ, ಮೇಲೆ ಮೇಣ ಬಳಿದೆ. ಬೇರೆ ಬಟ್ಟೆ ಸುತ್ತಿದೆ. ಎಷ್ಟು ಚೊಕ್ಕವಾಗಿ ಮಾಡಿದೆ ಎಂದರೆ, ಮಾಡಿ ಮುಗಿಸಿ ನನಗೇ ಸಮಾಧಾನವಾಯಿತು. ಜಿನಮತಕ್ಕನಿಗೆ ಒಂದು ಉಪಕಾರ ಮಾಡಿದೆ ಎಂದೇ ತಿಳಿದುಕೊಂಡೆ. ಯಾರಿಗೂ ಹೇಳಲಿಲ್ಲ.

ಅದಾಗಿ ಆರು ದಿನದ ಮೇಲೆ ಘಾಟಿ ಬಿಟ್ಟಿತು. ಸೀಸೆ ಇಳಿದು ಹೋಯಿತು.

ಆಮೇಲೆ ಕಾಯುವುದು. ಕೆಳಗಿನಿಂದ ಬರುವ ಬಸ್ಸು ಮಧ್ಯಾಹ್ನ ಮೂರಕ್ಕೆ. ಟಪಾಲು ಅದರಲ್ಲೇ. ಜಿನಮತಕ್ಕ ಎರಡೂವರೆಗೇ ನಮ್ಮ ಜಗಲಿಗೆ ಬಂದು, ಕೈಹೊಲಿಗೆಯ ಬಟ್ಟೆ ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದರು. ಬಸ್ಸಿನ ಹಾರನ್ ಕೇಳಿದರೆ ಸೂಜಿ ನಿಲ್ಲುತ್ತಿತ್ತು. ಡಾಕ್ಟರಿಗೆ ಕಾಗದ ಬಂದಿದೆಯೇ ಎಂದು ನಮ್ಮನೆಯವರು ಅಂಚೆಯವನನ್ನು ಕೇಳಿಕೊಂಡು ಓಣಿಯ ತುದಿಗೆ ಬರುತ್ತಿದ್ದರು. ಜಿನಮತಕ್ಕ ಕೇಳುತ್ತಿರಲಿಲ್ಲ, ಮುಖ ಎತ್ತಿ ನೋಡುತ್ತಿದ್ದರು ಅಷ್ಟೇ. ನಮ್ಮನೆಯವರು ತಲೆ ಆಡಿಸುತ್ತಿದ್ದರು. ಸೂಜಿ ಮತ್ತೆ ಶುರುವಾಗುತ್ತಿತ್ತು. ಇಪ್ಪತ್ತೆರಡು ದಿನ ಹೀಗೆ. ಒಂದು ದಿನ ಯಾರೋ ಹೆಂಗಸು ಜಗಲಿಗೇ ಬಂದು, ರವಿಕೆ ಯಾವಾಗ ಕೊಡ್ತೀರಿ, ನಾಳೆ ನಾಳೆ ಅಂತ ಒಂದು ತಿಂಗಳಾಯ್ತು ಎಂದು ಜೋರು ಮಾಡಿದಳು. ಜಿನಮತಕ್ಕ ಶಾಂತವಾಗಿ, "ನಾಳೆ ಎಂತದು ಅಂತ ನನಗೇ ಗೊತ್ತಿಲ್ಲಮ್ಮ. ಗೊತ್ತಾದ ದಿನ ನಿನಗೂ ಹೇಳ್ತೀನಿ" ಎಂದರು. ಅವಳಿಗೆ ಅರ್ಥವಾಗಲಿಲ್ಲ, ಸಿಟ್ಟಿನಿಂದ ಹೋದಳು.

ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಕೆಟ್ಟದ್ದಾದರೆ ಕೊಯ್ಯಲಿ, ಒಳ್ಳೆಯದಾದರೆ ಬಿಡಲಿ, ಎರಡಕ್ಕೂ ತಯಾರಿದ್ದೇನೆ. ಬೆಳಿಗ್ಗೆ ಎದ್ದಾಗ ಯಾವುದಕ್ಕೆ ಎದ್ದೆ ಎಂದು ತಿಳಿಯುವುದಿಲ್ಲವಲ್ಲ, ಅದು ಮಾತ್ರ ತಡೆಯಲಾಗುವುದಿಲ್ಲ ಎಂದು.

ಕಾಗದ ಬಂತು. ಡಾಕ್ಟರು ಕರೆಸಿದರು. ಜಿನಮತಕ್ಕ, ಧರ್ಮಾವತಿ, ನಮ್ಮನೆಯವರು, ನಾನು ಹೋದೆವು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚೂರು ಕೆಟ್ಟುಹೋಗಿದೆ, ಗಾಜಿನಲ್ಲಿ ಏನೂ ಕಾಣುವುದಿಲ್ಲ, ಒಳ್ಳೆಯದೂ ಎನ್ನಲಾಗುವುದಿಲ್ಲ ಕೆಟ್ಟದ್ದೂ ಎನ್ನಲಾಗುವುದಿಲ್ಲ, ಇನ್ನೊಂದು ಕೊಯ್ದು ಕಳಿಸಿ ಎಂದು ಬರೆದಿದ್ದಾರೆ ಎಂದರು. ನಮ್ಮನೆಯವರ ಕಡೆ ತಿರುಗಿ, ಹೂವಪ್ಪನವರೇ, ಬಿರಡೆ ಯಾರಾದರೂ ತೆಗೆದಿದ್ದರಾ ಎಂದು ಕೇಳಿದರು. ಇಲ್ಲ ಸ್ವಾಮಿ, ದೇವರ ಗೂಡಿನ ಹಾಗೆ ಇಟ್ಟಿದ್ವಿ ಎಂದರು ಇವರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹೊರಗೆ ಮೆಟ್ಟಿಲಿಳಿಯುತ್ತಾ ಜಿನಮತಕ್ಕ ತಮಗೆ ತಾವೇ ಎಂಬಂತೆ ಹೇಳಿದರು.

"ಹೊತ್ತು ಮುಳುಗಿದ ಮೇಲೆ ಹಾಲು ಕುಡಿದೆ ನಾನು. ಮೂವತ್ತೆಂಟು ವರ್ಷದಲ್ಲಿ ಒಂದೇ ಸಲ. ಅದಕ್ಕೇ ಉತ್ತರ ಸಿಗಲಿಲ್ಲ."

ಧರ್ಮಾವತಿ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಳು. ತಟ್ಟನೆ ನಿಂತಳು, ಮತ್ತೆ ನಡೆದಳು.

ನಾಲ್ಕು ದಿನದ ಮೇಲೆ ಜಿನಮತಕ್ಕನೇ ಹೇಳಿದರು. ಹುಡುಗಿ ಒಪ್ಪತ್ತು ಹಿಡಿದಿದ್ದಾಳಂತೆ, ದಿನಕ್ಕೆ ಒಂದೇ ಊಟ. ಲೋಟ ತುಟಿಗೆ ಹಿಡಿದವಳು ತಾನು, ಬೆಳಕಿದೆ ಎಂದು ಆಣೆ ಮಾಡಿದವಳು ತಾನು, ತಪ್ಪು ತನ್ನದು, ಅಮ್ಮನಿಗೆ ಉತ್ತರ ಬರುವತನಕ ಎರಡನೇ ಊಟ ಮುಟ್ಟುವುದಿಲ್ಲ ಎಂದು ಪಾರ್ಶ್ವನಾಥನ ಪಟದ ಮುಂದೆ ಹೇಳಿಕೊಂಡಿದ್ದಾಳಂತೆ. ಬೇಡ ಎಂದು ಹೇಗೆ ಹೇಳಲಿ, ನಾನೇ ಕಲಿಸಿದ್ದಲ್ವಾ ಎಂದರು.

ಆ ದಿನವೇ ಹೇಳಿಬಿಡಬೇಕಿತ್ತು. ಹೇಳಲೇಬೇಕು ಎಂದು ಮೂರು ಸಲ ಅವರ ಬಾಗಿಲಿಗೆ ಹೋದೆ. ಒಂದು ಸಲ ಒಳಗೆ ಯಾರೋ ಇದ್ದರು. ಇನ್ನೊಂದು ಸಲ ಅವರು ಮಲಗಿದ್ದರು. ಮೂರನೇ ಸಲ ಯಾರೂ ಇರಲಿಲ್ಲ, ಅವರೂ ಎಚ್ಚರವಿದ್ದರು. ನಿಮ್ಮ ಮೈಯ ಚೂರನ್ನು ಮಾವಿನಮಿಡಿಯ ಹಾಗೆ ಉಪ್ಪುನೀರಿಗೆ ಹಾಕಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಒಂದು ಗುಂಡಿ ಕೇಳಿ ಈಸಿಕೊಂಡು ಬಂದೆ.

ಮೊದಲು ಕೊಯ್ದ ಗಾಯ ಕೀವಾಗಿತ್ತು. ಅದು ಒಣಗುವವರೆಗೆ ಕೊಯ್ಯುವಂತಿಲ್ಲ ಎಂದು ಡಾಕ್ಟರು ಮತ್ತೆ ಇಪ್ಪತ್ತು ದಿನ ನಿಲ್ಲಿಸಿದರು. ಎರಡನೇ ಸೀಸೆಯನ್ನು ನಮ್ಮನೆಯವರು ಯಾರ ಕೈಗೂ ಕೊಡಲಿಲ್ಲ. ರಜ ಹಾಕಿ, ತೊಡೆಯ ಮೇಲಿಟ್ಟುಕೊಂಡು, ಆಗುಂಬೆಯಲ್ಲಿ ಸಣ್ಣ ಬಸ್ಸು ಹತ್ತಿ, ತಾವೇ ಇಳಿದು ಹೋಗಿ ಕೊಟ್ಟು ಬಂದರು. ಎಂಟು ದಿನಕ್ಕೆ ಉತ್ತರ ಬಂತು.

ಡಾಕ್ಟರು ಅದನ್ನು ಹೇಳಿದ್ದು ಮೇಳಿಗೆಯಿಂದ ಬಂದಿದ್ದ ಪದ್ಮಪ್ರಸಾದರಿಗೆ. ಹೆಂಗಸರು ಹೊರಗೆ ಕೂತಿದ್ದೆವು. ಅಣ್ಣ ಹೊರಗೆ ಬಂದು, ಚಪ್ಪಲಿ ಹುಡುಕುವವರ ಹಾಗೆ ಬಗ್ಗಿಕೊಂಡೇ ಇದ್ದರು. ಜಿನಮತಕ್ಕ ಅವರ ಬೆನ್ನನ್ನು ನೋಡಿ ಎಲ್ಲ ತಿಳಿದುಕೊಂಡರು.

"ಬಂತಲ್ಲ, ಸದ್ಯ" ಎಂದರು. ಅಷ್ಟೇ.

ಧರ್ಮಾವತಿ ಅಳಲಿಲ್ಲ. ಉತ್ತರ ಬಂದರೂ ಒಪ್ಪತ್ತು ಬಿಡಲಿಲ್ಲ. ಅಮ್ಮ ಗುಣವಾಗುವತನಕ ಎಂದು ಅದನ್ನು ಮುಂದಕ್ಕೆ ಹಾಕಿಕೊಂಡಳು.

ಘಟ್ಟದ ಕೆಳಗೆ ಎಡಗಡೆಯ ಎದೆ ತೆಗೆದರು. ಅಲ್ಲಿಯ ದೊಡ್ಡ ಡಾಕ್ಟರು, ಕಂಕುಳಿಗೂ ಹೋಗಿದೆ, ಸ್ವಲ್ಪ ಮೊದಲೇ ಬರಬೇಕಿತ್ತು ಎಂದರಂತೆ. ಸ್ವಲ್ಪ ಎಂದರೆ ಎಷ್ಟು, ದೀಪಾವಳಿಯಿಂದ ಸುಮ್ಮನಿದ್ದ ಎಂಟು ತಿಂಗಳೋ, ನನ್ನ ಉಪ್ಪುನೀರು ತಿಂದ ಎರಡು ತಿಂಗಳೋ, ಅದನ್ನು ಅವರು ಹೇಳಲಿಲ್ಲ. ನಾನು ಯಾರನ್ನೂ ಕೇಳಲಿಲ್ಲ. ಕೇಳಿದರೆ ಯಾರಾದರೂ ಹೇಳಿಬಿಟ್ಟಾರು ಎಂದು ಹೆದರಿಕೆ.

ಒಂದೂವರೆ ವರ್ಷ ಬದುಕಿದರು. ಮೊದಲ ಆರು ತಿಂಗಳು ಚೆನ್ನಾಗೇ ಇದ್ದರು. ಎಡಗೈ ಬಾತು ಮೇಲೆತ್ತಲಾಗದಿದ್ದರೂ ಬಲಗೈಯಲ್ಲಿ ಚಕ್ರ ತಿರುಗಿಸುತ್ತಿದ್ದರು, ಬಟ್ಟೆಯನ್ನು ಧರ್ಮಾವತಿ ಹಿಡಿಯುತ್ತಿದ್ದಳು. ಹಳೇ ಪಂಚೆಯ ಚೂರು ತುಂಬಿ ರವಿಕೆಯ ಆ ಕಡೆಯನ್ನು ಸಮ ಮಾಡಿಕೊಂಡಿದ್ದರು. ದುರ್ಗಮ್ಮ ನೋಡಿ, ಗೊತ್ತೇ ಆಗಲ್ಲ ಅಕ್ಕ ಎಂದಾಗ, ನಿನಗೆ ಗೊತ್ತಾಗಲಿಲ್ಲ ಅಂದ್ರೆ ಊರಿಗೇ ಗೊತ್ತಾಗಲ್ಲ ಬಿಡು ಎಂದು ನಕ್ಕಿದ್ದರು. ಆಮೇಲೆ ಬೆನ್ನು ನೋವು ಬಂತು. ಕೆಮ್ಮು ಬಂತು. ಅರವತ್ತಾರನೇ ಇಸವಿ ಶಿವರಾತ್ರಿ ಕಳೆಯುವಷ್ಟರಲ್ಲಿ ಹಾಸಿಗೆ ಬಿಟ್ಟು ಏಳಲಾರದೆ ಹೋದರು. ನಾನು ದಿನಾ ಮಧ್ಯಾಹ್ನ ಹೋಗಿ ಕೂರುತ್ತಿದ್ದೆ.

ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಿದ್ದು ಒಂದು ಸೋಮವಾರ. ಮಾರನೇ ದಿನದಿಂದ ನಾಲಗೆ ತೊಡರಿತು, ಗುರುವಾರ ತೀರಿಕೊಂಡರು. ಆ ಸೋಮವಾರ ಧರ್ಮಾವತಿ ಬಟ್ಟೆ ಒಗೆಯಲು ಹೊಳೆಗೆ ಹೊರಟಿದ್ದಳು. ಬುಟ್ಟಿ ಎತ್ತಿಕೊಂಡು ಬಾಗಿಲು ದಾಟಿ ಹೋಗುವವರೆಗೂ ಜಿನಮತಕ್ಕ ಅವಳನ್ನೇ ನೋಡುತ್ತಿದ್ದರು.

"ನೋಡಿದೆಯಾ ಅವಳ ರವಿಕೆ?" ಎಂದರು. "ಹದಿಮೂರರಲ್ಲಿ ಹೊಲಿದಿದ್ದು. ಈಗ ಹದಿನೈದು ಆಯ್ತು. ಎರಡು ಇಂಚು ಒಳಗೆ ಬಿಟ್ಟಿದ್ದೆ ಶೇಷಮ್ಮ, ಬೆಳೀತಾಳೆ ಅಂತ. ಒಂದು ನೂಲೂ ಬಿಚ್ಚೋದು ಬೇಕಾಗಲಿಲ್ಲ."

 ಅವರೇ ಮುಂದುವರಿಸಿದರು. ತಾನು ಹೋದ ಮೇಲೆ ಅವಳು ಒಪ್ಪತ್ತು ಬಿಡುತ್ತಾಳೆ ಎಂದು ಯಾರು ಹೇಳಬೇಕು, ಗುಣವಾಗುವತನಕ ಎಂದವಳು, ಗುಣವೇ ಆಗದಿದ್ದರೆ ಅದಕ್ಕೆ ಕೊನೆಯೇ ಇಲ್ಲವಲ್ಲ, ಒಂದು ಲೋಟ ಹಾಲಿಗೆ ಜೀವಮಾನವಿಡೀ ಅರ್ಧ ಹೊಟ್ಟೆ ಉಣ್ಣುತ್ತಾಳೆ ಎಂದರು.

ಆಗ ಹೇಳಿದೆ. ಸೀಸೆ ಬಿದ್ದಿದ್ದು, ನೀರು ಹೋಗಿದ್ದು, ಗಡಿಗೆಯಲ್ಲಿ ಕುದಿಸಿದ್ದು, ಸೋಸಿದ್ದು, ಮೇಣ ಬಳಿದದ್ದು, ಎಲ್ಲ ಹೇಳಿದೆ. ಡಾಕ್ಟರ ಮುಂದೆ ಸುಮ್ಮನೆ ನಿಂತದ್ದನ್ನೂ ಹೇಳಿದೆ. ಅವರ ಮುಖ ನೋಡಲಾಗದೆ ಮಂಚದ ಕಾಲನ್ನು ನೋಡಿಕೊಂಡು ಹೇಳಿದೆ.

ಅವರು ಆಮೇಲೆ ಕೇಳಿದರು.

"ಉಪ್ಪು ಎಷ್ಟು ಹಾಕಿದ್ದೆ?"

"ಮಿಡಿಗೆ ಹಾಕೋವಷ್ಟೇ ಅಕ್ಕ."

ಅವರ ಹೊಟ್ಟೆ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ನಗು ಕೆಮ್ಮಿಗೆ ತಿರುಗಿ, ಬೆನ್ನು ನೀವಿ ನೀರು ಕೊಟ್ಟೆ. ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಮಲಗಿದರು, ನಿದ್ದೆ ಬಂತೇನೋ ಎಂದು ನಾನು ಎದ್ದೆ. ಆಗ ನನ್ನ ಸೆರಗು ಹಿಡಿದರು. ಕೈಯಲ್ಲಿ ಬಲವೇ ಇರಲಿಲ್ಲ. ಕಿಟಕಿಯ ಬಿಸಿಲು ಎದುರು ಗೋಡೆಯ ನಡುವಿನವರೆಗೆ ಬಂದಿತ್ತು, ಅದನ್ನು ಒಂದು ಸಲ ನೋಡಿದರು.

"ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೋತಾಳೆ. ನೀನೇ ಹೇಳು. ಹೊಳೆಗೇ ಹೋಗು, ಅಲ್ಲೇ ಹೇಳು, ಈಗಲೇ. ಹೊತ್ತು ಮುಳುಗೋಕೆ ಇನ್ನೂ ಟೈಮಿದೆ. ಇವತ್ತು ಎರಡನೇ ಊಟ ಮಾಡ್ಲಿ ಅವಳು."